ಅಪ್ಪನ ‘ಅದೇ’

ಆವತ್ತು ಭಾನುವಾರ. ಊರಿನಿಂದ ಅಮ್ಮನ ಫೋನ್ ಬಂದಾಗ ನಾನು ಇಡ್ಲಿ ತಟ್ಟೆಗೆ ಹಿಟ್ಟು ಹಾಕುತ್ತಿದ್ದೆ. ‘ನಿಮ್ಮಪ್ಪ ಯಾಕೋ ಒಂಥರಾ ಮಾತಾಡ್ತಿದ್ದಾರೆ ಕಣೇ, ಏನೂ ತಿಳೀತಿಲ್ಲ’ ಅಂದಳು. ಫೋನನ್ನು ಅಪ್ಪನ ಕಿವಿಗೆ ಹಿಡಿದಳು. ದನಿ ಅಪ್ಪನದೇ. ಆದರೆ ಅದರಲ್ಲಿ ಮಾತಿರಲಿಲ್ಲ. ‘ಅದೇ... ಅದೇ... ಅದೇ’ ಅಂದರು. ಅಷ್ಟೇ.

ಇದು 2021ರ ಡಿಸೆಂಬರ್. ಅಪ್ಪನಿಗೆ ಆಗ 69. ಮೂವತ್ತನಾಲ್ಕು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವರು. ಊರಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ, ಎಲ್ಲರಿಗೂ ಮೇಷ್ಟ್ರು. ಮಾತೇ ಅವರ ಕಸುಬು.

ನಾನೇನು ಮಾಡಿದೆ? ‘ರಾತ್ರಿ ನಿದ್ದೆ ಸರಿಯಾಗಿಲ್ವೇನೋ, ಸ್ವಲ್ಪ ಹೊತ್ತು ಮಲಗಿಸಮ್ಮ’ ಅಂದು ಇಡ್ಲಿ ಬೇಯಲು ಇಟ್ಟೆ. ಅಮ್ಮ ಪಿತ್ತ ಇರಬಹುದು ಅಂತ ನಿಂಬೆಹಣ್ಣಿನ ಪಾನಕ ಕುಡಿಸಿದಳು. ಅದು ನೆತ್ತಿಗೇರಿ ಕೆಮ್ಮಿ ಕೆಮ್ಮಿ ಸುಸ್ತಾದರು. ಅಷ್ಟರಲ್ಲಿ ಅಕ್ಕಪಕ್ಕದವರು ಸೇರಿದರು. ಒಬ್ಬರು ‘ಲಕ್ವ ಹೊಡೆದಿದೆ’ ಅಂದರು. ಇನ್ನೊಬ್ಬರು ಪಾರಿವಾಳದ ರಕ್ತ ಹಚ್ಚಿದರೆ ನಿಲ್ಲುತ್ತೆ ಅಂದರು. ನಾಟಿ ಔಷಧಿ ಕೊಡುವವರ ವಿಳಾಸ ಮೂರು ಜನ ಕೊಟ್ಟರು. ಕಾರು ಮಾಡಿಕೊಂಡು ಹತ್ತಿರದ ಆಸ್ಪತ್ರೆಗೆ ಹೋದರೆ ಸ್ಕ್ಯಾನ್ ಮಾಡುವವರು ಭಾನುವಾರ ಬರುವುದಿಲ್ಲ. ಮೈಸೂರಿಗೆ ಕರೆತಂದು ತಲೆಯ ಸಿಟಿ ಸ್ಕ್ಯಾನ್ ಆಗುವಷ್ಟರಲ್ಲಿ ಮಾತು ತಪ್ಪಿ ಆರು ಗಂಟೆಯ ಮೇಲಾಗಿತ್ತು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೆದುಳಿನ ಎಡಭಾಗಕ್ಕೆ ಹೋಗುವ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆ ಅಂತ ಹೇಳಿದರು. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆಮೇಲೆ ಕೊಟ್ಟರೆ ಒಳಗೆ ರಕ್ತ ಸೋರುವ ಅಪಾಯವೇ ಜಾಸ್ತಿ. ಹೆಪ್ಪು ಕಟ್ಟಿಕೊಂಡ ಪ್ರತಿ ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಯಂತೆ. ನಾನು ಇಡ್ಲಿ ಬೇಯಿಸಿದ್ದು ಎಷ್ಟು ನಿಮಿಷ ಅಂತ ಇವತ್ತಿಗೂ ಲೆಕ್ಕ ಹಾಕುತ್ತೇನೆ.

ಬಿಪಿ ಮಾತ್ರೆಯನ್ನು ಅಪ್ಪ ಎರಡು ತಿಂಗಳ ಹಿಂದೆಯೇ ನಿಲ್ಲಿಸಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು. ‘ತಲೆನೋವೇ ಇಲ್ಲ ಅಂದ್ಮೇಲೆ ಮಾತ್ರೆ ಯಾಕೆ’ ಅಂದಿದ್ದರಂತೆ.

ಬಲಗೈ, ಬಲಗಾಲು ಎರಡೂ ಬಿದ್ದಿದ್ದವು. ಬಾಯಿ ಒಂದು ಕಡೆ ಎಳೆದುಕೊಂಡಿತ್ತು. ಮಂಚದ ತಲೆಯ ಹತ್ತಿರ ನರ್ಸ್ ಒಂದು ಚೀಟಿ ಅಂಟಿಸಿದ್ದರು, ‘ನೀರು ಕೊಡಬೇಡಿ’ ಅಂತ. ನನಗೆ ಅರ್ಥವೇ ಆಗಿರಲಿಲ್ಲ. ಗಂಟಲು ಸರಿಯಾಗಿ ಮುಚ್ಚಿಕೊಳ್ಳದಿದ್ದಾಗ ತೆಳು ನೀರು ಸರ್ರನೆ ಶ್ವಾಸಕೋಶಕ್ಕೆ ಇಳಿದುಬಿಡುತ್ತದಂತೆ. ಗಟ್ಟಿಯಾದದ್ದಾದರೆ ನಿಧಾನವಾಗಿ ಜಾರುತ್ತದೆ, ನುಂಗಲು ಸಮಯ ಸಿಗುತ್ತದೆ. ಆವತ್ತು ಪಾನಕ ನೆತ್ತಿಗೇರಿದ್ದು ಅದಕ್ಕೇ. ‘ಮನೇಲಿ ರಾಗಿ ಗಂಜಿ ಮಾಡ್ತೀರಲ್ಲ, ಸ್ವಲ್ಪ ಮಂದ ಮಾಡಿ, ಕೂರಿಸಿ, ಗಲ್ಲ ಎದೆ ಕಡೆ ಬಗ್ಗಿಸಿ ಕೊಡಿ’ ಅಂದರು. ಅಮ್ಮನಿಗೆ ಆ ಒಂದು ಮಾತಿನಿಂದ ಜೀವ ಬಂತು. ಸ್ಕ್ಯಾನು, ಹೆಪ್ಪು, ಇಂಜೆಕ್ಷನ್ನು ಯಾವುದೂ ಅವಳ ಕೈಯಲ್ಲಿರಲಿಲ್ಲ. ರಾಗಿ ಇತ್ತು.

ಮಾತು ಹೋಗುವುದು ಅಂದರೆ ನಾಲಿಗೆ ಬಿದ್ದುಹೋಗುವುದು ಅಂದುಕೊಂಡಿದ್ದೆ. ಅಪ್ಪನಿಗೆ ಆಗಿದ್ದು ಅದಲ್ಲ. ಅಫೇಸಿಯಾ ಅನ್ನುತ್ತಾರೆ. ಬುದ್ಧಿ ಇದೆ, ನೆನಪಿದೆ, ಹೇಳಬೇಕಾದ್ದು ತಲೆಯಲ್ಲಿ ಸ್ಪಷ್ಟವಾಗಿದೆ. ಆದರೆ ಅದಕ್ಕೆ ಪದ ಹುಡುಕಲು ಹೋದರೆ ಕಪಾಟಿಗೆ ಬೀಗ. ಹೆಚ್ಚಿನವರಲ್ಲಿ ಭಾಷೆಯ ಕೆಲಸ ನಡೆಯುವುದು ಮೆದುಳಿನ ಎಡಭಾಗದಲ್ಲಿ, ಬಲಗೈ ಬಲಗಾಲನ್ನು ಆಡಿಸುವುದೂ ಅದೇ. ಹಾಗಾಗಿ ಎರಡೂ ಒಟ್ಟಿಗೆ ಹೋಗುತ್ತವೆ. 1861ರಲ್ಲಿ ಪ್ಯಾರಿಸ್‌ನ ಡಾಕ್ಟರ್ ಪಾಲ್ ಬ್ರೋಕಾ ಹತ್ತಿರ ಒಬ್ಬ ರೋಗಿ ಬಂದಿದ್ದನಂತೆ. ಎಲ್ಲವೂ ಅರ್ಥವಾಗುತ್ತಿತ್ತು, ಆದರೆ ಬಾಯಿಂದ ಬರುತ್ತಿದ್ದದ್ದು ‘ಟಾನ್’ ಅನ್ನುವ ಒಂದೇ ಶಬ್ದ. ಆಸ್ಪತ್ರೆಯಲ್ಲಿ ಅವನ ಹೆಸರೇ ಟಾನ್ ಆಗಿಹೋಗಿತ್ತು. ಅವನು ತೀರಿಕೊಂಡ ಮೇಲೆ ಮೆದುಳು ನೋಡಿದರೆ ಎಡಭಾಗದ ಮುಂದೆ ಪೆಟ್ಟಾಗಿತ್ತು. ಆ ಜಾಗಕ್ಕೆ ಈಗಲೂ ಬ್ರೋಕಾನದೇ ಹೆಸರು.

ನಮ್ಮ ಮನೆಯ ಟಾನ್‌ಗೆ ಇದ್ದದ್ದು ‘ಅದೇ’. ಒಂದೇ ಪದದಲ್ಲಿ ಅವರು ಎಷ್ಟು ಹೇಳುತ್ತಿದ್ದರು ಅಂದರೆ! ಬಾತ್‌ರೂಮಿಗೆ ಹೋಗಬೇಕಾದರೆ ಅವಸರದ ‘ಅದೇ ಅದೇ’. ಗಂಜಿಗೆ ಉಪ್ಪು ಕಮ್ಮಿಯಾದರೆ ಮೂತಿ ಸೊಟ್ಟ ಮಾಡಿ ‘ಅದೇ...’. ಪಕ್ಕದ ಮಂಚದವರ ಗೊರಕೆ ಕೇಳಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿ, ಮೆಲ್ಲಗೆ, ‘ಅದೇ’. ರಾಗ ಪೂರ್ತಿ ಇತ್ತು, ಸಾಹಿತ್ಯ ಮಾತ್ರ ಹೋಗಿತ್ತು.

ಹದಿನೈದು ದಿನಕ್ಕೆ ಮೈಸೂರಿನ ನಮ್ಮ ಮನೆಗೇ ಕರೆತಂದೆವು. ಅಮ್ಮನೂ ಬಂದಳು. ಅಲ್ಲಿಂದ ಶುರುವಾದದ್ದು ನಮ್ಮ ತಪ್ಪುಗಳ ಸಾಲು.

ಮೊದಲನೇದು, ಎಲ್ಲರೂ ಜೋರಾಗಿ ಮಾತಾಡತೊಡಗಿದೆವು. ಅಪ್ಪನ ಕಿವಿ ಚೆನ್ನಾಗಿಯೇ ಇತ್ತು. ಆದರೆ ಎದುರಿನವರು ಉತ್ತರ ಕೊಡದಿದ್ದರೆ ದನಿ ಏರಿಸುವುದು ನಮ್ಮ ಜನರ ಹುಟ್ಟುಗುಣ, ಅಲ್ವಾ? ಆಮೇಲೆ ‘ಬಾಯಲ್ಲಿ ಆಗದಿದ್ದರೆ ಬರೆದು ತೋರಿಸಲಿ’ ಅಂತ ನನ್ನ ಸೋದರಮಾವ ಒಂದು ನೋಟ್‌ಬುಕ್ಕು, ಪೆನ್ನು ತಂದರು. ಭಾಷೆಯೇ ಕೈಕೊಟ್ಟಾಗ ಬರವಣಿಗೆಯೂ ಅದರ ಜೊತೆಗೇ ಹೋಗಿರುತ್ತದೆ ಅನ್ನುವುದು ಯಾರಿಗೂ ಹೊಳೆಯಲಿಲ್ಲ. ಅಪ್ಪನ ಬೋರ್ಡ್ ಅಕ್ಷರ ಅಂದರೆ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರುವಾಸಿ. ಎಡಗೈಯಲ್ಲಿ ಪೆನ್ನು ಹಿಡಿದು ಬಹಳ ಹೊತ್ತು ಕೂತರು. ಒಂದು ಅಡ್ಡಗೆರೆ ಎಳೆದರು. ಅದರ ಕೆಳಗೆ ಇನ್ನೊಂದು. ಅಷ್ಟಕ್ಕೇ ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಹಿಡಿದು ಹಾಕಿ, ಪುಸ್ತಕದ ಮೇಲೆ ನೀಟಾಗಿ ಇಟ್ಟು, ಅತ್ತ ತಳ್ಳಿದರು.

ಎಲ್ಲಕ್ಕಿಂತ ಕೆಟ್ಟದ್ದು ನೋಡಲು ಬರುವವರ ಪರೀಕ್ಷೆ. ಬಾಳೆಹಣ್ಣು, ಬ್ರೆಡ್ಡು ಹಿಡಿದು ಬರುತ್ತಿದ್ದರು. ಮಂಚದ ಪಕ್ಕ ಕೂತು ಮೊದಲು ಕೇಳುವ ಪ್ರಶ್ನೆ ‘ನಾನು ಯಾರು ಹೇಳಿ ನೋಡೋಣ ಮೇಷ್ಟ್ರೇ?’. ಅಪ್ಪನಿಗೆ ಅವರು ಯಾರು ಅಂತ ಗೊತ್ತು. ಅವರ ಅಪ್ಪ ಯಾರು, ಯಾವ ಇಸವಿಯಲ್ಲಿ ಯಾವ ಕ್ಲಾಸಲ್ಲಿ ಇದ್ದರು, ಅದೂ ಗೊತ್ತು. ಹೆಸರು ಬರಬೇಕಲ್ಲ. ‘ಅದೇ...’ ಅನ್ನುತ್ತಿದ್ದರು. ಬಂದವರು ನನ್ನ ಕಡೆ ತಿರುಗಿ, ಅಪ್ಪನ ಎದುರಿಗೇ, ‘ಪಾಪ, ಗುರುತೇ ಸಿಗ್ತಿಲ್ಲ’ ಅನ್ನುತ್ತಿದ್ದರು. ಮೂರನೆಯ ಬಾರಿ ಹೀಗಾದಾಗ ಅಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಮಾರನೇ ದಿನದಿಂದ ಬಾಗಿಲಲ್ಲೇ ನಾನು ಎಲ್ಲರಿಗೂ ಒಂದು ಮಾತು ಹೇಳತೊಡಗಿದೆ. ‘ಒಳಗೆ ಬಂದು ನಿಮ್ಮ ಹೆಸರು ನೀವೇ ಹೇಳಿ. ಪ್ರಶ್ನೆ ಕೇಳಬೇಡಿ.’ ಒಂದಿಬ್ಬರಿಗೆ ಸಿಟ್ಟು ಬಂತು. ಬರಲಿ ಬಿಡಿ.

ಮೈಸೂರಲ್ಲಿ ಇದ್ದದ್ದು ನಮ್ಮ ಅದೃಷ್ಟ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಮ್ಮೂರಿನವರಿಗೆ ಅದು ಬರೀ ‘ಸ್ಪೀಚ್ ಅಂಡ್ ಹಿಯರಿಂಗ್’. 1965ರಲ್ಲಿ ಶುರುವಾದದ್ದು. ದಿನಾ ಅದರ ಮುಂದೆಯೇ ಬ್ಯಾಂಕಿಗೆ ಹೋಗುತ್ತಿದ್ದರೂ ಅದು ಕಿವಿ ಕೇಳದ ಮಕ್ಕಳಿಗೆ ಮಾತ್ರ ಅಂದುಕೊಂಡಿದ್ದೆ. ವಾರಕ್ಕೆ ಎರಡು ದಿನ ಅಲ್ಲಿ, ಉಳಿದ ದಿನ ಮನೆಯಲ್ಲಿ ಅಭ್ಯಾಸ.

ಅಪ್ಪನ ಜೊತೆ ಕೂತಿದ್ದು ಇನ್ನೂ ಕಲಿಯುತ್ತಿದ್ದ ಒಬ್ಬ ಹುಡುಗಿ. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಮೊದಲ ದಿನ ಅವಳು ಯಾವ ಚಿತ್ರವನ್ನೂ ತೋರಿಸಲಿಲ್ಲ, ಯಾವ ಹೆಸರನ್ನೂ ಕೇಳಲಿಲ್ಲ. ‘ಸರ್, ನಾವಿಬ್ಬರೂ ಸೇರಿ ಎಣಿಸೋಣ’ ಅಂತ ಮೇಜಿನ ಮೇಲೆ ಬೆರಳು ತಟ್ಟುತ್ತಾ ‘ಒಂದು, ಎರಡು’ ಅಂದಳು. ಅಪ್ಪ ‘ಮೂರು’ ಅಂದರು. ಆಮೇಲೆ ನಾಲ್ಕು, ಐದು, ಆರು. ತಡೆಯೇ ಇಲ್ಲ! ನನಗೆ ಕಣ್ಣಲ್ಲಿ ನೀರು ಬಂತು. ಅಪ್ಪನಿಗೆ ಅವರದೇ ದನಿ ಕೇಳಿ ಗಾಬರಿಯಾದ ಹಾಗಿತ್ತು.

ಬಾಯಿಪಾಠ ಆಗಿಹೋದ ಮಾತು ಬೇರೆ ದಾರಿಯಲ್ಲಿ ಬರುತ್ತದಂತೆ. ವಾರಗಳ ಹೆಸರು, ತಿಂಗಳ ಹೆಸರು, ಪ್ರಾರ್ಥನೆ, ಹಾಡು, ಬೈಗುಳ. ಹೌದು, ಬೈಗುಳವೂ. ಮಾತು ಹೋದವರ ಬಾಯಲ್ಲಿ ಕೆಟ್ಟ ಬೈಗುಳ ಸಲೀಸಾಗಿ ಬಂದು ಮನೆಯವರು ಮುಜುಗರಪಡುವುದು ಮಾಮೂಲಂತೆ. ಹಾಡಿನಲ್ಲಂತೂ ಮೆದುಳಿನ ಬಲಭಾಗವೂ ಕೈಜೋಡಿಸುತ್ತದೆ. ಅದಕ್ಕೇ 1970ರ ದಶಕದಲ್ಲಿ ಬಾಸ್ಟನ್‌ನ ಕೆಲವರು ಮಾತನ್ನೇ ರಾಗ ಮಾಡಿ ಹೇಳಿಸುವ ಕ್ರಮ ಹುಟ್ಟುಹಾಕಿದರು. ‘ನೀ-ರು ಬೇ-ಕು’ ಅಂತ ಎರಡೇ ಸ್ವರದಲ್ಲಿ, ಎಡಗೈಯಲ್ಲಿ ತಾಳ ಹಾಕುತ್ತಾ.

ಆ ರಾತ್ರಿ ನನಗೆ ಮಗ್ಗಿ ನೆನಪಾಯಿತು. ಊಟ ಆದ ಮೇಲೆ ಅಪ್ಪನ ಪಕ್ಕ ಕೂತು ಶಾಲೆ ರಾಗದಲ್ಲಿ ‘ಎರಡೊಂದ್ಲ ಎರಡು’ ಅಂದೆ. ಅವರು ‘ಎರಡೆರಡ್ಲ ನಾಲ್ಕು, ಎರಡ್ಮೂರ್ಲ ಆರು’ ಅಂತ ಶುರು ಮಾಡಿ ನಿಲ್ಲಲೇ ಇಲ್ಲ. ಮೂರರ ಮಗ್ಗಿ, ನಾಲ್ಕರ ಮಗ್ಗಿ. ಏಳರ ಮಗ್ಗಿಯಲ್ಲಿ ನಾನು ತಪ್ಪಿದೆ. ಅವರು ತಲೆ ಅಲ್ಲಾಡಿಸಿ ನನ್ನ ಕೈ ಮೇಲೆ ಪಟ್ ಅಂತ ಒಂದು ಏಟು ಕೊಟ್ಟರು. ಎಡಗೈಯಲ್ಲಿ. ನಲವತ್ತಾರು ವರ್ಷದ ನಾನು ಏಟು ತಿಂದು ಕುಣಿದಾಡುವಷ್ಟು ಖುಷಿಪಟ್ಟೆ.

ಆದರೆ ಅದರ ಬೆನ್ನಿಗೇ ಗೊತ್ತಾಗಿದ್ದು ಇನ್ನೊಂದು ಸಂಗತಿ. ಸರಪಳಿ ಪೂರ್ತಿ ಬರುತ್ತದೆ, ಅದರಿಂದ ಒಂದು ಕೊಂಡಿ ಬಿಡಿಸಿಕೊಡಿ ಅಂದರೆ ಬರುವುದಿಲ್ಲ. ‘ಫಿಸಿಯೋ ಯಾವತ್ತು ಬರ್ತಾರಪ್ಪಾ?’ ಅಂದರೆ ಗುರುವಾರ ಅನ್ನುವ ಪದ ಸಿಗದು. ಅದಕ್ಕೆ ಅವರೇ ಒಂದು ಉಪಾಯ ಕಂಡುಕೊಂಡರು. ಬೆರಳು ಮಡಿಸುತ್ತಾ ‘ಸೋಮವಾರ, ಮಂಗಳವಾರ, ಬುಧವಾರ, ಗುರುವಾರ’ ಅಂತ ಬಂದು, ಅಲ್ಲಿ ಕೈ ಎತ್ತಿ ನಿಲ್ಲಿಸುವುದು. ಆರು ಗಂಟೆ ಅನ್ನಬೇಕಾದರೆ ಒಂದರಿಂದ ಶುರು. ಮಹಡಿಗೆ ಲಿಫ್ಟ್ ಇಲ್ಲ, ಮೆಟ್ಟಿಲು ಹತ್ತಿಯೇ ಹೋಗಬೇಕು.

ಹೀಗೆ ಮೆಟ್ಟಿಲು ಹತ್ತುವವರ ಜೊತೆ ಬದುಕುವುದಕ್ಕೆ ನನಗೆ ಇಲ್ಲದೇ ಇದ್ದದ್ದು ತಾಳ್ಮೆ. ಬ್ಯಾಂಕಿನ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕೂತವಳು ನಾನು. ಎದುರಿನವರು ‘ಮೇಡಂ, ಅದು...’ ಅನ್ನುವಷ್ಟರಲ್ಲಿ ‘ಪಾಸ್‌ಬುಕ್ ಎಂಟ್ರಿನಾ, ಮೂರನೇ ಕೌಂಟರ್’ ಅನ್ನುವವಳು. ಅಪ್ಪ ‘ನೀ...’ ಅಂದರೆ ಸಾಕು, ‘ನೀರಾ? ನೀರು ತಾನೇ?’ ಅಂತ ಓಡುತ್ತಿದ್ದೆ. ಅವರಿಗೆ ಬೇಕಿದ್ದದ್ದು ನೀಲಿ ಟವೆಲ್ ಆಗಿರುತ್ತಿತ್ತು. ಆ ಹುಡುಗಿ ಇದನ್ನು ಗಮನಿಸಿ ಒಂದು ದಿನ ನನ್ನನ್ನು ಹೊರಗೆ ಕರೆದು ಹೇಳಿದಳು. ‘ಮೇಡಂ, ಸರ್‌ಗೆ ಒಂದು ಪ್ರಶ್ನೆ ಕೇಳಿದ ಮೇಲೆ ಮನಸ್ಸಲ್ಲೇ ಹತ್ತರವರೆಗೆ ಎಣಿಸಿ. ಬಾಯಿ ಬಿಡಬೇಡಿ. ಅವರೇ ಸಹಾಯ ಕೇಳಿದರೆ ಮಾತ್ರ ಮೊದಲನೇ ಅಕ್ಷರ ಕೊಡಿ.’

ಹತ್ತು ಎಣಿಸುವುದೇನು ಮಹಾ ಅನ್ನಿಸಿತು. ಮಾಡಿ ನೋಡಿ. ಎದುರಿಗೆ ಒಬ್ಬರು ಒದ್ದಾಡುತ್ತಿರುವಾಗ, ಉತ್ತರ ನಿಮ್ಮ ನಾಲಿಗೆ ತುದಿಯಲ್ಲೇ ಇರುವಾಗ, ಹತ್ತು ಎಷ್ಟು ದೂರ ಅಂತ ಗೊತ್ತಾಗುತ್ತದೆ. ನಾಲ್ಕಕ್ಕೇ ನನ್ನ ಬಾಯಿ ತೆರೆಯುತ್ತಿತ್ತು. ಆರಕ್ಕೆ ಕಾಲು ಅಲ್ಲಾಡುತ್ತಿತ್ತು. ಅಪ್ಪನ ಪದ ಹೆಚ್ಚಾಗಿ ಬರುತ್ತಿದ್ದದ್ದು ಏಳು ಎಂಟರ ಆಸುಪಾಸಿನಲ್ಲಿ. ಅಂದರೆ ಅಷ್ಟು ದಿನ ಬಾಗಿಲವರೆಗೆ ಬಂದ ಪದಗಳನ್ನೆಲ್ಲ ನಾನೇ ಒಳಗೆ ಕಳಿಸುತ್ತಿದ್ದೆ.

ನಗುವ ಪ್ರಸಂಗಗಳೂ ಇದ್ದವು. ಒಮ್ಮೆ ಅಪ್ಪ ಕಾಫಿ ಲೋಟ ತೋರಿಸಿ ‘ಉಪ್ಪು, ಉಪ್ಪು’ ಅಂದರು. ಸಕ್ಕರೆ ಅನ್ನಬೇಕಾದ ಕಡೆ ಅದರ ಪಕ್ಕದ ಡಬ್ಬಿಯ ಹೆಸರು ಬಂದಿತ್ತು. ಅಮ್ಮ ಇದ್ದಿದ್ದರೆ ತಿಳಿಯುತ್ತಿದ್ದಳು. ಇದ್ದವರು ನನ್ನ ಗಂಡ. ಪಾಪ, ಮಾವ ಕೇಳಿದ್ದಾರೆ ಅಂತ ಅರ್ಧ ಚಮಚ ಉಪ್ಪು ಹಾಕಿ ಕೊಟ್ಟರು. ಅಪ್ಪ ಒಂದು ಗುಟುಕು ಕುಡಿದು ಅಳಿಯನ ಮುಖ ನೋಡಿದ ನೋಟ ಇದೆಯಲ್ಲ, ಅದಕ್ಕೆ ಯಾವ ಪದವೂ ಬೇಕಿರಲಿಲ್ಲ.

ಆದರೆ ಎಲ್ಲ ದಿನವೂ ಹೀಗಿರಲಿಲ್ಲ. ಮಾರ್ಚ್ 31, ಬ್ಯಾಂಕಿನ ವರ್ಷಾಂತ್ಯ. ರಾತ್ರಿ ಹತ್ತೂವರೆಗೆ ಮನೆಗೆ ಬಂದೆ. ತಲೆ ಸಿಡಿಯುತ್ತಿತ್ತು. ಅಪ್ಪ ಎದ್ದು ಕೂತಿದ್ದರು, ನನಗೇ ಕಾಯುತ್ತಿದ್ದ ಹಾಗೆ. ಶೆಲ್ಫ್ ಕಡೆ ಕೈ ತೋರಿಸಿ ‘ಅದೇ’ ಅಂದರು. ಕನ್ನಡಕ ಕೊಟ್ಟೆ. ಅಲ್ಲ. ಮಾತ್ರೆ ಡಬ್ಬಿ. ಅಲ್ಲ. ಪೇಪರ್, ರೇಡಿಯೋ, ಪಂಚಾಂಗ, ಅಮ್ಮನ ಜಪಮಣಿ. ಅಲ್ಲ, ಅಲ್ಲ. ‘ಅದೇ, ಅದೇ’ ಅಂತ ಅವರ ದನಿ ಏರಿತು. ನನ್ನದೂ ಏರಿತು. ‘ಏನಪ್ಪಾ ಬೇಕು ನಿಮಗೆ! ನನಗೂ ಸಾಕಾಗಿದೆ!’ ಅಂತ ಕಿರುಚಿದೆ. ಕೋಣೆಯಲ್ಲಿ ಮಲಗಿದ್ದ ಮಗಳು ಎದ್ದು ಬಂದಳು. ಅಪ್ಪ ಎತ್ತಿದ್ದ ಕೈಯನ್ನು ಮೆಲ್ಲಗೆ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ತಾವೇ ಹಾಸಿಗೆಗೆ ಒರಗಿ ಕಣ್ಣು ಮುಚ್ಚಿದರು.

ಅವರಿಗೆ ಬೇಕಿದ್ದದ್ದು ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಮಾತು ಬಂದ ಮೇಲೆ ಒಮ್ಮೆ ಕೇಳಿದೆ. ಅವರಿಗೆ ಆ ರಾತ್ರಿಯ ನೆನಪೇ ಇಲ್ಲ. ಅಥವಾ ನೆನಪಿಲ್ಲ ಅಂದರು.

ಮಾರನೇ ದಿನ ನಾನು ಸರಿಯಾಗಿ ಮುಖ ಕೊಟ್ಟು ಮಾತಾಡಲಿಲ್ಲ. ಕ್ಷಮೆ ಕೇಳುವುದು, ಥ್ಯಾಂಕ್ಸ್ ಹೇಳುವುದು, ಇವೆರಡೂ ನಮ್ಮ ಮನೆಗಳಲ್ಲಿ ಹೊರಗಿನವರಿಗೆ ಮಾತ್ರ. ಸುಮ್ನೆ ಅವರಿಗೆ ಇಷ್ಟವಾದ ತೊವ್ವೆ ಮಾಡಿದೆ. ಎರಡು ಸಲ ಹಾಕಿಸಿಕೊಂಡರು. ನಮ್ಮ ರಾಜಿ ಅಷ್ಟರಲ್ಲೇ ಮುಗಿಯಿತು.

ಅದರ ಮಾರನೇ ದಿನ ಯುಗಾದಿ, 2022ರ ಏಪ್ರಿಲ್ 2. ದೇವರ ಮುಂದೆ ಪಂಚಾಂಗ ಇಟ್ಟು, ಬೇವು ಬೆಲ್ಲದ ಬಟ್ಟಲು ಹಿಡಿದು ಎಲ್ಲರೂ ಸೇರಿದ್ದೆವು. ಮಗಳು ಸುಮ್ನೆ ಬಾಯಿಗೆ ಬಂದದ್ದು ಕೇಳಿದಳು. ‘ಅಜ್ಜಾ, ಈ ವರ್ಷದ ಹೆಸರೇನು?’ ನಾನು ಬಾಯಿ ತೆರೆದವಳು ಮುಚ್ಚಿಕೊಂಡೆ. ಒಂದು, ಎರಡು, ಮೂರು... ಅಪ್ಪ ಗಂಟಲು ಸರಿಮಾಡಿಕೊಂಡರು. ‘ಪ್ರಭವ’ ಅಂದರು. ‘ವಿಭವ. ಶುಕ್ಲ. ಪ್ರಮೋದೂತ.’

ಅಯ್ಯೋ ದೇವರೇ ಅನ್ನಿಸಿತು. ಸಂವತ್ಸರಗಳು ಅರವತ್ತು. ನಾವಿದ್ದದ್ದು ಮೂವತ್ತಾರನೆಯದರ ಬಾಗಿಲಲ್ಲಿ. ಅವರು ಮೊದಲ ಮೆಟ್ಟಿಲಿಂದ ಹತ್ತುತ್ತಿದ್ದಾರೆ. ಒಬ್ಬರೂ ಮಾತಾಡಲಿಲ್ಲ. ಅಮ್ಮನ ಕೈಯಲ್ಲಿ ಬೇವು ಬೆಲ್ಲದ ಚಮಚ ಹಾಗೇ ನಿಂತಿತ್ತು. ಅಡುಗೆಮನೆಯಲ್ಲಿ ಹೋಳಿಗೆಯ ಹಂಚು ಕಾಯುತ್ತಾ ಹೊಗೆಯಾಡತೊಡಗಿತು, ಗಂಡ ಹಿಂದಕ್ಕೆ ನಡೆದುಕೊಂಡೇ ಹೋಗಿ ಗ್ಯಾಸ್ ಆರಿಸಿ ಬಂದರು. ಅಪ್ಪ ಕಣ್ಣು ಮುಚ್ಚಿದ್ದರು. ಎಡಗೈ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ನಡೆಯುತ್ತಿತ್ತು. ‘ದುರ್ಮುಖಿ... ಹೇವಿಳಂಬಿ... ವಿಳಂಬಿ...’ ಅಲ್ಲಿ ನಿಂತುಬಿಟ್ಟರು. ಹೆಸರಿಗೆ ತಕ್ಕ ಹಾಗೆ ವಿಳಂಬಿಯಲ್ಲೇ ತಡ. ಅಮ್ಮ ತುಟಿ ಆಡಿಸಲು ಹೋದಳು, ನಾನು ಅವಳ ಸೆರಗು ಹಿಡಿದು ಜಗ್ಗಿದೆ. ನನ್ನ ಹತ್ತು ಮುಗಿಯಿತು. ಇನ್ನೊಂದು ಹತ್ತು ಶುರು ಮಾಡಿದೆ. ಅದೂ ಮುಗಿಯುತ್ತಾ ಬಂತು.

‘ವಿಕಾರಿ’ ಅಂದರು. ಆಮೇಲೆ ಓಟ. ‘ಶಾರ್ವರಿ, ಪ್ಲವ, ಶುಭಕೃತ್.’ ಕೈ ಎತ್ತಿ ನಿಂತರು. ಕಣ್ಣು ಬಿಟ್ಟು ಮೊಮ್ಮಗಳ ಕಡೆ ನೋಡಿ ಇನ್ನೊಮ್ಮೆ, ಬಿಡಿಯಾಗಿ, ಸರಪಳಿ ಇಲ್ಲದೆ, ‘ಶುಭಕೃತ್’ ಅಂದರು.

ಅಮ್ಮ ಚಮಚವನ್ನು ಬಟ್ಟಲಿಗೆ ಹಾಕಿ ದೇವರ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಹೊರಗೆ ಬರಲೇ ಇಲ್ಲ.

ಮೊದಲ ಆರು ತಿಂಗಳಲ್ಲಿ ಬಂದಷ್ಟು ವೇಗವಾಗಿ ಮುಂದೆ ಬರುವುದಿಲ್ಲ ಅಂತ ಮೊದಲೇ ಹೇಳಿದ್ದರು. ನಿಲ್ಲುವುದೂ ಇಲ್ಲ, ವರ್ಷಗಟ್ಟಲೆ ಚೂರುಚೂರೇ ಬರುತ್ತಿರುತ್ತದೆ ಅಂತಲೂ. ಎರಡೂ ನಿಜ. ಪದಗಳು ಬಂದವು, ಆದರೆ ಬಿಡಿ ಇಟ್ಟಿಗೆಗಳ ಹಾಗೆ, ನಡುವೆ ಗಾರೆ ಇಲ್ಲದೆ. ‘ನಾನು... ಊರು... ಬಸ್ಸು... ನಾಳೆ’ ಅನ್ನುತ್ತಿದ್ದರು. ಊರಿಗೆ, ಬಸ್ಸಿನಲ್ಲಿ, ಹೋಗುತ್ತೇನೆ, ಇವೆಲ್ಲ ಉದುರಿಹೋಗಿದ್ದವು. ಕನ್ನಡದ ಜೀವ ಇರುವುದೇ ಪದದ ಬಾಲದಲ್ಲಿ. ಆ ಬಾಲವನ್ನೇ ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಉರು ಹೊಡೆಸಿದವರು ಇವರು. ರಾಮನು, ರಾಮನನ್ನು, ರಾಮನಿಂದ, ರಾಮನಿಗೆ, ರಾಮನ ದೆಸೆಯಿಂದ, ರಾಮನ, ರಾಮನಲ್ಲಿ. ನಮಗೆ ಹೇಳಿಕೊಡುವಾಗ ದೆಸೆಯಿಂದ ಬಂದ ಕೂಡಲೇ ಕ್ಲಾಸ್ ನಗುತ್ತಿತ್ತು. ‘ನಗಬೇಡಿ. ಪರೀಕ್ಷೇಲಿ ಬಿಟ್ರೆ ಇದಕ್ಕೆ ಎಲ್ಲೂ ಕೆಲಸ ಇಲ್ಲ, ಆದ್ರೂ ಅದಕ್ಕೊಂದು ಜಾಗ ಬೇಕಲ್ಲ’ ಅನ್ನುತ್ತಿದ್ದರು.

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ನಿಧಾನವಾಗಿ ನಡೆಸುತ್ತಿದ್ದೆ, ಕೈಗೊಂದು ಕೋಲು. ನೂರು ಹೆಜ್ಜೆಗೆ ಒಂದು ಕಲ್ಲುಬೆಂಚು. ಅಲ್ಲಿ ಕೂತು ಕಂಡದ್ದಕ್ಕೆ ಬಾಲ ಅಂಟಿಸುವ ಆಟ. ನಾನು ‘ಕೊಕ್ಕರೆ ಎಲ್ಲಿದೆ?’ ಅಂದರೆ ಅವರು ‘ಮರ’ ಅನ್ನುವರು. ನಾನು ಸುಮ್ಮನಿರುತ್ತಿದ್ದೆ. ಐದು, ಆರು. ‘ಮರ...ದಲ್ಲಿ.’ ಒಂದು ‘ಅಲ್ಲಿ’ ಸಿಕ್ಕಿದರೆ ಆ ದಿನ ಗೆದ್ದ ಹಾಗೆ.

ಸಂಸ್ಥೆಯ ಆ ಹುಡುಗಿ ಕೋರ್ಸ್ ಮುಗಿಸಿ ಹೊರಟ ದಿನ ಅಪ್ಪ ಅವಳಿಗೆ ತಮ್ಮ ಹೀರೋ ಪೆನ್ನು ಕೊಟ್ಟರು. ಉತ್ತರಪತ್ರಿಕೆ ತಿದ್ದುತ್ತಿದ್ದ ಕೆಂಪು ಇಂಕಿನ ಪೆನ್ನು. ಏನೋ ಹೇಳಬೇಕು ಅಂತ ನಿಂತರು. ಅವಳೂ ನಿಂತಳು. ನಾನು ಎಣಿಸಿದೆ, ಹತ್ತು, ಇಪ್ಪತ್ತು. ಆವತ್ತು ಪದ ಬರಲಿಲ್ಲ. ಅವಳು ಅವಸರ ಮಾಡಲೂ ಇಲ್ಲ, ‘ಪರವಾಗಿಲ್ಲ ಸರ್’ ಅನ್ನಲೂ ಇಲ್ಲ. ಪೆನ್ನನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮುಚ್ಚಳ ತೆಗೆದು, ಅಂಗೈ ಮೇಲೆ ಒಂದು ‘ರೈಟ್’ ಗುರುತು ಹಾಕಿಕೊಂಡು ಅವರಿಗೆ ತೋರಿಸಿದಳು.

ಬ್ಯಾಂಕಿನಲ್ಲೂ ನಾನು ಎಣಿಸುತ್ತೇನೆ. ಪಿಂಚಣಿ ದಿನ ಬರುವ ಮುದುಕರ ಸಾಲು ಈಗ ನನ್ನ ಕೌಂಟರಿನ ಮುಂದೆಯೇ ಉದ್ದ. ಮ್ಯಾನೇಜರ್ ಒಮ್ಮೆ ‘ನಿಮ್ಮ ಹತ್ರ ಒಬ್ಬೊಬ್ಬರಿಗೆ ಜಾಸ್ತಿ ಟೈಮ್ ಹಿಡೀತಿದೆ’ ಅಂದರು. ನಿಜವೇ. ಅದಕ್ಕೆ ನನ್ನ ಹತ್ತಿರ ಉತ್ತರವೂ ಇಲ್ಲ.

ಒಂದೂವರೆ ವರ್ಷದ ಮೇಲೆ ಅಪ್ಪ, ಅಮ್ಮ ಊರಿಗೆ ವಾಪಸ್ ಹೋದರು. ನನಗೆ ಭಯವಿತ್ತು. ಊರಲ್ಲಿ ಯಾರು ಕಾಯುತ್ತಾರೆ, ಯಾರು ಎಣಿಸುತ್ತಾರೆ? ಬಸ್ ಸ್ಟ್ಯಾಂಡಿನಲ್ಲಿ ಆಟೋ ಹತ್ತಿದೆವು. ಡ್ರೈವರ್ ಅಪ್ಪನ ಹಳೇ ಶಿಷ್ಯ, ಐವತ್ತರ ಹತ್ತಿರದವನು. ‘ಎಲ್ಲಿಗೆ ಮೇಷ್ಟ್ರೇ?’ ಅಂದ. ಊರಿಗೆಲ್ಲ ಗೊತ್ತಿರುವ ಮನೆ ಅದು, ಅವನಿಗೆ ಗೊತ್ತಿಲ್ಲದೆ ಇರುತ್ತದಾ. ನಾನು ಹೇಳಲು ಬಾಯಿ ತೆರೆದೆ. ಅವನು ಕನ್ನಡಿಯಲ್ಲೇ ನನ್ನ ಕಡೆ ನೋಡಿ ‘ತಡೀರಕ್ಕ, ಅವ್ರು ಹೇಳ್ತಾರೆ’ ಅಂದ. ಇಂಜಿನ್ ಆರಿಸಿದ. ಹಿಂದಿನ ಆಟೋದವನು ಹಾರ್ನ್ ಹೊಡೆದ. ಇವನು ಕೈ ಹೊರಗೆ ಹಾಕಿ ಮುಂದೆ ಹೋಗು ಅಂತ ಸನ್ನೆ ಮಾಡಿ, ಸ್ಟೀರಿಂಗ್ ಮೇಲೆ ತಲೆಯಿಟ್ಟು ಕೂತ. ‘ಮನೆ... ಮನೆಗೆ’ ಅಂದರು ಅಪ್ಪ. ಅವನು ‘ಹ್ಞಾಂ’ ಅಂದು ಕಿಕ್ ಹೊಡೆದ. ಅವನಿಗೆ ಯಾವ ಸಂಸ್ಥೆಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ. ಮೂರನೇ ಕ್ಲಾಸಲ್ಲಿ ಎರಡು ವರ್ಷ ಕೂತವನು ಅಂತ ಆಮೇಲೆ ಅಮ್ಮ ಹೇಳಿದಳು.

ಹೋದ ತಿಂಗಳು ಊರಿಗೆ ಹೋಗಿದ್ದೆ. ಸಂಜೆ ಮಳೆ ಬಂದು ನಿಂತಿತ್ತು. ಜಗಲಿಯ ಮೇಲೆ ಅಪ್ಪ, ನಾನು. ಅಮ್ಮ ಕಾಫಿ ತಂದಿಟ್ಟು ಒಳಗೆ ಹೋದಳು. ಅಪ್ಪ ಕೆಲಸಕ್ಕೆ ಸೇರಿದ ಮೊದಲ ದಿನದ ಕಥೆ ಏನೋ ಇತ್ತಲ್ಲ, ಎಮ್ಮೆ ಕ್ಲಾಸಿಗೆ ನುಗ್ಗಿದ್ದು, ಅದನ್ನು ಕೇಳಿದೆ. ಮೊದಲಾಗಿದ್ದರೆ ಎರಡು ನಿಮಿಷದ ಕಥೆ. ಅವರು ಶುರು ಮಾಡಿದರು. ಎಮ್ಮೆ ಸಿಕ್ಕಿತು, ಬಾಗಿಲು ಸಿಗಲಿಲ್ಲ. ಬಾಗಿಲು ಸಿಕ್ಕಿತು, ಹೆಡ್‌ಮೇಷ್ಟ್ರು ಸಿಗಲಿಲ್ಲ. ಹೆಡ್‌ಮೇಷ್ಟ್ರನ್ನು ಕೋಲು ಎತ್ತಿ, ಮೀಸೆ ತಿರುವಿ ತೋರಿಸಿದರು. ನಾನು ಒಂದು ಪದವನ್ನೂ ಕೊಡಲಿಲ್ಲ. ಸೂರಿನ ನೀರು ತೊಟ್ಟಿಕ್ಕುವುದನ್ನೇ ಎಣಿಸುತ್ತಾ ಕೂತಿದ್ದೆ. ಕಥೆ ಮುಗಿಯುವಷ್ಟರಲ್ಲಿ ಬೀದಿ ದೀಪ ಹತ್ತಿಕೊಂಡಿತು. ಇಬ್ಬರೂ ನಕ್ಕೆವು.

ಆಮೇಲೆ ಅಪ್ಪ ಲೋಟ ಎತ್ತಿ ಒಂದು ಗುಟುಕು ಕುಡಿದು ಮುಖ ಕಿವುಚಿದರು. ನನ್ನ ಕಡೆ ತಿರುಗಿ ‘ನಿನ್ನ...’ ಅಂದರು. ನಾನು ಎಣಿಸಿದೆ. ನಾಲ್ಕು. ಐದು. ಆರು.

‘ನಿನ್ನ ದೆಸೆಯಿಂದ ಕಾಫಿ ಆರಿಹೋಯ್ತು.’

ಅಮ್ಮ ಒಳಗಿಂದಲೇ ‘ಬಿಸಿ ಮಾಡ್ಕೊಡ್ಲಾ?’ ಅಂದಳು. ಅಪ್ಪ ಲೋಟವನ್ನು ನನ್ನ ಕಡೆಗೆ ತಳ್ಳಿದರು.